ಫೋರ್ಕ್ ಇಲ್ಲದ ಊರಿಗೆ ಬಂದ ಪೋಸ್ಟ್‌ಗ್ರೆಸ್

ಒಂದು ತಂತ್ರಾಂಶವನ್ನು ಇನ್ನೊಂದು ಆಪರೇಟಿಂಗ್ ಸಿಸ್ಟಂಗೆ ಒಗ್ಗಿಸುವ ಕೆಲಸಕ್ಕೆ ಆ ಕಸುಬಿನವರು ‘ಪೋರ್ಟ್ ಮಾಡೋದು’ ಅನ್ನುತ್ತಾರೆ. ಕೇಳಿದರೆ ಮನೆ ಸಾಮಾನು ಸಾಗಿಸಿದಷ್ಟೇ ಸಲೀಸು ಅನ್ನಿಸುತ್ತದೆ. ಆದರೆ ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸ್ ಯಾರ ಆಸರೆಯೂ ಇಲ್ಲದೆ ವಿಂಡೋಸ್ ಮೇಲೆ ನಿಂತದ್ದು 2005ರ ಜನವರಿಯಲ್ಲಿ, 8.0 ಆವೃತ್ತಿಯಲ್ಲಿ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಅದರ ಕೆಲಸ ಶುರು ಮಾಡಿದ್ದು 1986ರಲ್ಲಿ. 8.0 ಬರುವತನಕ ವಿಂಡೋಸ್‌ನವರು ಸಿಗ್ವಿನ್ ಎಂಬ ಯುನಿಕ್ಸ್ ವೇಷದ ಪದರ ಹಾಸಿ ಅದನ್ನು ಓಡಿಸಿಕೊಳ್ಳುತ್ತಿದ್ದರು.

ತೊಡಕಿದ್ದದ್ದು ಹುಟ್ಟಿನಲ್ಲೇ. ಪೋಸ್ಟ್‌ಗ್ರೆಸ್‌ನಲ್ಲಿ ಬಂದ ಪ್ರತಿ ಗಿರಾಕಿಗೂ ಒಂದು ಪ್ರತ್ಯೇಕ ಪ್ರೋಸೆಸ್. ಯುನಿಕ್ಸ್‌ನಲ್ಲಿ ಇದಕ್ಕೆ ಫೋರ್ಕ್ ಎಂಬ ಒಂದೇ ಮಾತು ಸಾಕು: ತಾಯಿ ಪ್ರೋಸೆಸ್‌ನ ತದ್ರೂಪು ಮಗು, ಅವಳ ನೆನಪುಗಳನ್ನೆಲ್ಲ ಹೊತ್ತುಕೊಂಡೇ ಕಣ್ಣು ಬಿಡುತ್ತದೆ. ವಿಂಡೋಸ್‌ನಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಹುಟ್ಟುವ ಮಗುವಿಗೆ ಮನೆಯ ವಿಳಾಸವೂ ಗೊತ್ತಿರುವುದಿಲ್ಲ. ಹಾಗಾಗಿ ತಾಯಿ ಬೇಕಾದ ವಿವರಗಳ ಬುತ್ತಿ ಕಟ್ಟಿಡಬೇಕು, ಮಗು ಎದ್ದಕೂಡಲೇ ಅದನ್ನು ಬಿಚ್ಚಿಕೊಳ್ಳಬೇಕು. ಈ ಬುತ್ತಿಯ ಪದ್ಧತಿಯನ್ನು ಯುನಿಕ್ಸ್‌ನಲ್ಲೂ ಚಾಲೂ ಮಾಡಿ ಪರೀಕ್ಷಿಸುವಂತೆ ಬರೆದಿಟ್ಟರಲ್ಲ, ನನಗೆ ತುಂಬಾ ಹಿಡಿಸಿದ್ದು ಅದು. ವಿಂಡೋಸ್ ಯಂತ್ರವೇ ಇಲ್ಲದವನೂ ಅದರ ತಪ್ಪು ಹುಡುಕಬಹುದು.

ಬುತ್ತಿಯೊಂದರಿಂದಲೇ ಹೊಟ್ಟೆ ತುಂಬಲಿಲ್ಲ. ಎಲ್ಲ ಪ್ರೋಸೆಸ್‌ಗಳೂ ಹಂಚಿಕೊಳ್ಳುವ ಮೆಮೊರಿ ಪ್ರತಿಯೊಂದಕ್ಕೂ ಅದೇ ವಿಳಾಸದಲ್ಲೇ ಕಾಣಬೇಕು. ಕೆಲವೊಮ್ಮೆ ಮಗು ಏಳುವಷ್ಟರಲ್ಲಿ ಬೇರೆ ಯಾವುದೋ ಲೈಬ್ರರಿ ಆ ಜಾಗದಲ್ಲಿ ಬಂದು ಕೂತಿರುತ್ತಿತ್ತು. ಅಲ್ಲಿಗೆ ಗಿರಾಕಿಯ ಸಂಪರ್ಕ ಕಡಿದಂತೆಯೇ. 2009ರಲ್ಲಿ ಕಂಡುಕೊಂಡ ಉಪಾಯ ನಮ್ಮ ಬಸ್‌ಸ್ಟ್ಯಾಂಡಿನದೇ: ಮಗುವನ್ನು ಹುಟ್ಟಿಸಿ, ಇನ್ನೂ ಎಬ್ಬಿಸದೆ, ಹೊರಗಿನಿಂದಲೇ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವುದು. ಆಮೇಲೆ ಎಬ್ಬಿಸುವುದು.

ಒಂದು ಪ್ರೋಸೆಸ್ ಇನ್ನೊಂದಕ್ಕೆ ಸನ್ನೆ ಮಾಡುವ ಯುನಿಕ್ಸ್‌ನ ಸಿಗ್ನಲ್‌ಗಳಿಗೂ ಹೀಗೇ ಒಂದು ಬದಲಿ ಹುಡುಕಿದರು. ಪ್ರತಿ ಪ್ರೋಸೆಸ್‌ಗೂ ಒಂದು ಪೈಪು, ಅದರ ಬಾಯಲ್ಲಿ ಕಿವಿಗೊಟ್ಟು ಕೂತ ಒಂದು ಥ್ರೆಡ್. ‘ಈ ಕ್ವೆರಿ ನಿಲ್ಲಿಸು’ ಎನ್ನಲು ಒಂದೇ ಒಂದು ಬೈಟು ಆ ಪೈಪಿನಲ್ಲಿ ಹೋಗುತ್ತದೆ.

ಫೈಲಿನ ಹೆಸರು ಬದಲಿಸುವಂಥ ಚಿಲ್ಲರೆ ಕೆಲಸವೂ ಇಲ್ಲಿ ಚಿಲ್ಲರೆಯಲ್ಲ. ಇನ್ನೊಬ್ಬರು ತೆರೆದಿಟ್ಟ ಫೈಲನ್ನು ವಿಂಡೋಸ್ ಎಷ್ಟೋ ಸಲ ಮುಟ್ಟಗೊಡುವುದಿಲ್ಲ; ಆ ಇನ್ನೊಬ್ಬರು ಬಹುಪಾಲು ಆಂಟಿವೈರಸ್. ಈಗಿನ ಕೋಡ್ ಸೆಕೆಂಡಿನ ಹತ್ತನೇ ಒಂದು ಭಾಗ ಕಾದು ಮತ್ತೆ ಕೇಳುತ್ತದೆ, ಮತ್ತೆ ಕಾಯುತ್ತದೆ. ಹೀಗೆ ಸುಮಾರು 10 ಸೆಕೆಂಡು ಅಂಗಲಾಚಿ, ಆಮೇಲಷ್ಟೇ ಕೈಚೆಲ್ಲುತ್ತದೆ. ಯಾರೂ ನೋಡದ ಇಂಥ ಸಾಲುಗಳಲ್ಲೇ ಈ ಕಸುಬಿನ ಕುಸುರಿ ಇರುವುದು. ಕ್ವೆರಿಗೆ ದಾರಿ ಹುಡುಕುತ್ತ ಮೇಲೆ ಕೂತ ಪ್ಲಾನರ್‌ಗೆ ಕೆಳಗೆ ನೆಲ ಬದಲಾದದ್ದೇ ಗೊತ್ತಾಗುವುದಿಲ್ಲ.

ಬ್ರೂಸ್ ಮೊಮ್ಜಿಯಾನ್, ಮ್ಯಾಗ್ನಸ್ ಹಗಾಂಡರ್, ಕ್ಲಾಡಿಯೊ ನಟೋಲಿ ಮೊದಲಾದವರು ದುಡಿದ ಆ 8.0ರಲ್ಲೂ ಒಂದು ಕೊರತೆ ಉಳಿದಿತ್ತು. ವಿಂಡೋಸ್‌ಗೆ ಯೂನಿಕೋಡ್ ಎಂದರೆ ಯುಟಿಎಫ್-16. ಅಲ್ಲಿ ನಮ್ಮ ‘ಕ’ ಎರಡು ಬೈಟು. ಪೋಸ್ಟ್‌ಗ್ರೆಸ್ ಬಳಸುವ ಯುಟಿಎಫ್-8ರಲ್ಲಿ ಅದೇ ‘ಕ’ ಮೂರು ಬೈಟು. ಎರಡನ್ನೂ ಹೊಂದಿಸಿ ವಿಂಡೋಸ್‌ನಲ್ಲಿ ಯುಟಿಎಫ್-8ಕ್ಕೆ ಬಾಗಿಲು ತೆರೆದದ್ದು 2005ರ ನವೆಂಬರ್‌ನಲ್ಲಿ ಬಂದ 8.1.