ಪರೀಕ್ಷೆಯನ್ನು ಪರೀಕ್ಷಿಸುವವರು ಯಾರು?

ಆಯುರ್ವೇದವು ಔಷಧಕ್ಕಿಂತ ಮೊದಲು ಪರೀಕ್ಷೆಗೆ ಸ್ಥಾನ ಕೊಟ್ಟಿದೆ. ನೋಡಿ, ಮುಟ್ಟಿ, ಕೇಳಿ ರೋಗಿಯನ್ನು ಅರಿಯುವ ದರ್ಶನ, ಸ್ಪರ್ಶನ, ಪ್ರಶ್ನವೆಂಬ ತ್ರಿವಿಧ ಪರೀಕ್ಷೆಯನ್ನು ನಾವು ವಿದ್ಯಾರ್ಥಿದೆಸೆಯಲ್ಲಿಯೇ ಕಲಿತೆವು. ಈಗ ಇವುಗಳ ಜೊತೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಪ್ರಯೋಗಾಲಯದ ವರದಿ. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಹಳ್ಳಿಗಳಿಂದ ನಮ್ಮಲ್ಲಿಗೆ ಬರುವವರು ಕುಳಿತುಕೊಳ್ಳುವ ಮೊದಲೇ ಚೀಲದಿಂದ ತೆಗೆದಿಡುವುದು ಅದನ್ನೇ. ನಾಡಿ ನೋಡಲು ಕೈ ನೀಡುವುದು ಆಮೇಲೆ.

ಕೆಲವು ವರ್ಷಗಳ ಹಿಂದೆ ಆಟಿ ತಿಂಗಳ ಒಂದು ಸಂಜೆ, ಕಡಬ ಕಡೆಯ ಅಡಿಕೆ ಕೃಷಿಕರೊಬ್ಬರನ್ನು ಅವರ ಮಗ ಕರೆತಂದರು. ವಯಸ್ಸು ಎಪ್ಪತ್ತು ದಾಟಿತ್ತು. ರಕ್ತದೊತ್ತಡಕ್ಕೆ ಮಾತ್ರೆ ನಡೆದಿತ್ತು. ಮಗನ ಕೈಯಲ್ಲಿದ್ದ ವರದಿಯಲ್ಲಿ ಪೊಟ್ಯಾಸಿಯಂ 6.8 ಎಂದಿತ್ತು. ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನಲ್ಲಿರಬೇಕು, 6.8 ಎಂದರೆ ಹೃದಯದ ಬಡಿತವೇ ತಪ್ಪಬಹುದಾದ ಮಟ್ಟ. ಆದರೆ ನಮ್ಮೆದುರು ಕುಳಿತಿದ್ದ ಹಿರಿಯರಿಗೆ ಸುಸ್ತಿಲ್ಲ, ನಾಡಿ ಸ್ಥಿರವಾಗಿದೆ, ಮಧ್ಯಾಹ್ನ ಚೆನ್ನಾಗಿ ಉಂಡಿದ್ದಾರೆ. "ನನಗೇನಾಗಿದೆ ಡಾಕ್ಟ್ರೇ?" ಎಂದು ನಗುತ್ತಲೇ ಕೇಳಿದರು. ಶರೀರ ಒಂದನ್ನು ಹೇಳುತ್ತಿತ್ತು, ಕಾಗದ ಇನ್ನೊಂದನ್ನು. ಆ ರಾತ್ರಿಯೇ ಬಾಡಿಗೆ ವಾಹನದಲ್ಲಿ ಸುರಿಯುವ ಮಳೆಯಲ್ಲಿ ಅವರನ್ನು ಮಂಗಳೂರಿಗೆ ಕಳುಹಿಸಿದೆವು. ಅಲ್ಲಿ ಇ.ಸಿ.ಜಿ. ಸರಿಯಾಗಿತ್ತು. ಹೊಸದಾಗಿ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ 4.2.

ಅಂಥ ಅಂಕಿ ಕಂಡ ಮೇಲೆ ಕಳುಹಿಸಿದ್ದು ತಪ್ಪಲ್ಲ, ಇಂದಾದರೂ ಕಳುಹಿಸುತ್ತೇವೆ. ನಮ್ಮ ತಪ್ಪು ಬೇರೆಯಿತ್ತು. ಅಂಕಿ ಹೇಗೆ ಬಂತೆಂದು ವಿಚಾರಿಸಿ ಆ ಕುಟುಂಬಕ್ಕೆ ತಿಳಿಸಿ ಹೇಳುವ ಕೆಲಸವನ್ನು ನಾವು ಕೂಡಲೇ ಮಾಡಲಿಲ್ಲ. ಹೆದರಿದ ಹಿರಿಯರು ಬೊಂಡ ಬಿಟ್ಟರು, ಬಾಳೆಹಣ್ಣು ಬಿಟ್ಟರು. ಮಾತ್ರೆಯಿಂದಲೇ ಹೀಗಾಯಿತೆಂದು ಯಾರೋ ಹೇಳಿದ್ದನ್ನು ಕೇಳಿ ಅದನ್ನೂ ಬಿಟ್ಟುಬಿಟ್ಟರು. ತಿಂಗಳ ನಂತರ ಬಂದಾಗ ರಕ್ತದೊತ್ತಡ 190ಕ್ಕೇರಿತ್ತು.

ಆಗ ಹಳೆಯ ವರದಿಯನ್ನು ಮತ್ತೆ ಬಿಡಿಸಿ ಓದಿದೆವು. ಪ್ರಯೋಗಾಲಯವೇನೂ ಸಣ್ಣದಲ್ಲ; ಕಾಗದದ ಮೇಲೆ ರಾಷ್ಟ್ರೀಯ ಮಾನ್ಯತೆಯ ಮುದ್ರೆಯೂ ಇತ್ತು. ಆದರೆ ಕೆಳಗೆ ಸಣ್ಣ ಅಕ್ಷರಗಳಲ್ಲಿ ಎರಡು ಸಮಯಗಳಿದ್ದವು: ರಕ್ತ ತೆಗೆದದ್ದು ಬೆಳಿಗ್ಗೆ ಏಳಕ್ಕೆ, ಪ್ರಯೋಗಾಲಯಕ್ಕೆ ತಲುಪಿದ್ದು ಮಧ್ಯಾಹ್ನ ಎರಡಕ್ಕೆ. ಊರಿನ ಸಂಗ್ರಹಣಾ ಕೇಂದ್ರದಿಂದ ಹೊರಟ ರಕ್ತ, ಸೀರಂ ಬೇರ್ಪಡಿಸದೆ ಏಳು ಗಂಟೆ ಬಸ್ಸಿನಲ್ಲಿ ಕುಲುಕುತ್ತ ಸಾಗಿತ್ತು. ಹೀಗೆ ತಡವಾದರೆ ರಕ್ತಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕಣಗಳು ಒಡೆದರಂತೂ ಇನ್ನೂ ಹೆಚ್ಚು. ಅದೇ ವಿಳಂಬದಲ್ಲಿ ಸಾಮಾನ್ಯ ನಳಿಕೆಯಲ್ಲಿರುವ ರಕ್ತದ ಸಕ್ಕರೆಯನ್ನು ಕಣಗಳೇ ತಿಂದು ಮುಗಿಸುತ್ತಿರುತ್ತವೆ. ಮಧುಮೇಹಿಗೆ ಸಕ್ಕರೆ ಹತೋಟಿಯಲ್ಲಿದೆಯೆಂಬ ಸುಳ್ಳು ಸಮಾಧಾನ ಸಿಗುತ್ತದೆ. ಯಂತ್ರ ಸುಳ್ಳಾಡಿರಲಿಲ್ಲ. ಅದಕ್ಕೆ ಕೊಟ್ಟ ರಕ್ತ ಕೆಟ್ಟಿತ್ತು.

ಹಾಗಾದರೆ ಆ ಮುದ್ರೆಗೆ ಏನರ್ಥ? ನಮ್ಮ ಭಾಗದ ಕೃಷಿಕರು ಅಡಿಕೆ ಮಾರುವಾಗ ತಕ್ಕಡಿಯನ್ನು ಎರಡು ಸಲ ನೋಡುತ್ತಾರೆ. ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಇಲಾಖೆಯ ತೂಕದ ಕಲ್ಲುಗಳನ್ನು ಅವುಗಳಿಗಿಂತ ನಿಖರವಾದ ಕಲ್ಲುಗಳೊಡನೆ ತಾಳೆ ನೋಡುತ್ತಾರೆ. ಹೀಗೆ ಸರಪಳಿ ಮೇಲೇರುತ್ತ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವ ಮೂಲ ಅಳತೆಗೆ ಮುಟ್ಟುತ್ತದೆ. ರಕ್ತ, ನೀರು, ಔಷಧಗಳ ಪರೀಕ್ಷೆಗೂ ಇಂಥದೇ ಮೇಲ್ವಿಚಾರಣೆ ಬೇಕು. ನಮ್ಮ ದೇಶದಲ್ಲಿ ಆ ಹೊಣೆ 1997ರಲ್ಲಿ ಸ್ಥಾಪನೆಯಾದ ಭಾರತೀಯ ಗುಣಮಟ್ಟ ಪರಿಷತ್ತಿನದು. ಅದರಡಿಯ ಎನ್.ಎ.ಬಿ.ಎಲ್. ಮಂಡಳಿ ಪ್ರಯೋಗಾಲಯಗಳಿಗೆ, ಎನ್.ಎ.ಬಿ.ಸಿ.ಬಿ. ಎಂಬುದು ತಪಾಸಣೆ ಹಾಗೂ ಪ್ರಮಾಣೀಕರಣ ಸಂಸ್ಥೆಗಳಿಗೆ, ಎನ್.ಎ.ಬಿ.ಎಚ್. ಎಂಬುದು ಆಯುಷ್ ಸೇರಿದಂತೆ ಆಸ್ಪತ್ರೆಗಳಿಗೆ ಮಾನ್ಯತೆ ನೀಡುತ್ತವೆ.

ವೈದ್ಯಕೀಯ ಪ್ರಯೋಗಾಲಯ ಮಾನ್ಯತೆ ಬಯಸಿದರೆ ಐ.ಎಸ್.ಒ. 15189 ಎಂಬ ಅಂತರರಾಷ್ಟ್ರೀಯ ಮಾನಕಕ್ಕೆ ತನ್ನ ಕೆಲಸವನ್ನು ಹೊಂದಿಸಿಕೊಳ್ಳಬೇಕು. ಮಂಡಳಿಯ ಪರಿಣತರು ಬಂದು ಕಾಗದಪತ್ರಗಳನ್ನಷ್ಟೇ ನೋಡಿ ಹೋಗುವುದಿಲ್ಲ. ತಂತ್ರಜ್ಞರು ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ಗಮನಿಸುತ್ತಾರೆ. ಪ್ರಮಾಣ ಮೊದಲೇ ಗೊತ್ತಿರುವ ದ್ರವವನ್ನು ಯಂತ್ರಕ್ಕೆ ಕೊಟ್ಟು ಉತ್ತರ ಸರಿಬಂತೇ ಎಂದು ನೋಡಿದ ದಾಖಲೆ ದಿನದಿನಕ್ಕೂ ಇರಬೇಕು. ಇದಲ್ಲದೆ ಹೊರಗಿನ ಸಂಸ್ಥೆಯೊಂದು ಒಂದೇ ಮಾದರಿಯನ್ನು ಅನೇಕ ಪ್ರಯೋಗಾಲಯಗಳಿಗೆ, ಉತ್ತರ ತಿಳಿಸದೆ ಕಳುಹಿಸಿ ಅವರವರ ಫಲಿತಾಂಶವನ್ನು ಹೋಲಿಸುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇಂಥ ಕಾರ್ಯಕ್ರಮವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಮಂಡಳಿಯೂ ಪ್ರಶ್ನಾತೀತವಲ್ಲ, ಬೇರೆ ದೇಶಗಳ ಮಾನ್ಯತಾ ಸಂಸ್ಥೆಗಳ ಪರಿಣತರು ಬಂದು ಅದರ ಕಾರ್ಯವನ್ನು ಅಳೆಯುತ್ತಾರೆ.

ಮಾದರಿ ಸಂಗ್ರಹ, ಸಾಗಣೆ, ಕೆಟ್ಟ ಮಾದರಿಯ ತಿರಸ್ಕಾರ, ಇವೆಲ್ಲವೂ ಆ ಮಾನಕದೊಳಗೇ ಬರುತ್ತವೆ. ಪ್ರಯೋಗಾಲಯವು ತನ್ನ ಸಂಗ್ರಹಣಾ ಕೇಂದ್ರಗಳನ್ನು ಮಂಡಳಿಗೆ ತಿಳಿಸಬೇಕು. ಆ ಹಿರಿಯರ ರಕ್ತ ತೆಗೆದ ಕೇಂದ್ರ ಪಟ್ಟಿಯಲ್ಲಿಯೇ ಇರಲಿಲ್ಲವೆಂದು ವಿಚಾರಿಸಿದಾಗ ತಿಳಿಯಿತು. ಹಾಗೆಂದು ಹಳ್ಳಿಯ ಸಣ್ಣ ಪ್ರಯೋಗಾಲಯಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ವೈದ್ಯಕೀಯ ಪ್ರಯೋಗಾಲಯಗಳಿಗೆ ಈ ಮಾನ್ಯತೆ ಸ್ವಯಂಪ್ರೇರಿತವಾದದ್ದು. ಅದರ ಖರ್ಚು ಎಲ್ಲರಿಗೂ ನಿಭಾಯಿಸುವಂಥದ್ದಲ್ಲ. ಅವರಿಗಾಗಿಯೇ ಮಂಡಳಿ 2019ರಲ್ಲಿ ಪ್ರಾಥಮಿಕ ಹಂತದ ಯೋಜನೆಯೊಂದನ್ನು ತಂದಿದೆ. ಎದುರಿನ ಓಣಿಯಲ್ಲಿ ರಕ್ತ ತೆಗೆದು ಅರ್ಧ ಗಂಟೆಯಲ್ಲಿ ಪರೀಕ್ಷಿಸುವ ಶ್ರದ್ಧೆಯ ತಂತ್ರಜ್ಞನ ಪೊಟ್ಯಾಸಿಯಂ ಅಂಕಿಯನ್ನು, ಏಳು ಗಂಟೆ ಪಯಣಿಸಿದ ರಕ್ತದ ಮುದ್ರೆಯುಳ್ಳ ಅಂಕಿಗಿಂತ ನಾವು ಹೆಚ್ಚು ನಂಬುತ್ತೇವೆ.

ಮಾನ್ಯತೆ ದೊರೆಯುವುದು ಪ್ರಯೋಗಾಲಯದ ಹೆಸರಿಗಲ್ಲ, ಗೊತ್ತಾದ ಸ್ಥಳದಲ್ಲಿ ಮಾಡುವ ಗೊತ್ತಾದ ಪರೀಕ್ಷೆಗಳಿಗೆ ಮಾತ್ರ. ಬಾವಿ, ಸುರಂಗ, ಕೊಳವೆಬಾವಿಗಳ ನೀರು ಕುಡಿಯುವ ನಮ್ಮ ಭಾಗದವರಿಗೆ ಇದು ಮುಖ್ಯ. ನೀರಿನ ಗಡಸುತನ, ಕಬ್ಬಿಣಾಂಶಗಳಿಗೆ ಮಾನ್ಯತೆ ಪಡೆದಲ್ಲಿ ರೋಗಾಣುಗಳ ಪರೀಕ್ಷೆಗೆ ಅದಿಲ್ಲದಿರಬಹುದು. ಕೀಟನಾಶಕದ ಅಂಶ ಪತ್ತೆಮಾಡುವುದಂತೂ ಬೇರೆಯೇ ವಿದ್ಯೆ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ದಿನಗಳನ್ನು ಈ ಸೀಮೆಯ ಜನ ಮರೆತಿಲ್ಲ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. "ನೀರು ಪಾಸಾಯಿತು" ಎಂದು ಯಾರಾದರೂ ಹೇಳಿದರೆ, ಯಾವ ಪರೀಕ್ಷೆಯಲ್ಲಿ ಎಂದು ನಾವು ಮರುಪ್ರಶ್ನೆ ಹಾಕುತ್ತೇವೆ.

ಎಲ್ಲರ ಮನೆಯ ದೋಸೆಯೂ ತೂತೇ ಎನ್ನುವಂತೆ, ನಮ್ಮ ಔಷಧಗಳ ವಿಷಯವನ್ನು ಮುಚ್ಚಿಡುವುದು ಸಲ್ಲದು. ಗಿಡಮೂಲಿಕೆಯ ಔಷಧದಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿ.ಪಿ.ಎಂ. ಮೀರಬಾರದೆಂಬ ಮಿತಿಯಿದೆ. ರಫ್ತಾಗುವ ಔಷಧಗಳಿಗೆ ಭಾರಲೋಹ ಪರೀಕ್ಷೆ 2006ರ ಜನವರಿಯಿಂದ ಕಡ್ಡಾಯವಾಯಿತು. ಪರದೇಶದವರ ಹೊಟ್ಟೆಯ ಚಿಂತೆ ಮೊದಲು ಬಂತಲ್ಲ ಎಂದು ನಮಗೆ ಆಗ ಬೇಸರವಾಗಿತ್ತು, ಈಗಲೂ ಇದೆ. 2009ರಿಂದ ಗುಣಮಟ್ಟ ಪರಿಷತ್ತು ಆಯುಷ್ ಮಾರ್ಕ್ ಎಂಬ ಸ್ವಯಂಪ್ರೇರಿತ ಪ್ರಮಾಣೀಕರಣವನ್ನೂ ನಡೆಸುತ್ತಿದೆ. ತಯಾರಕರ ಹೆಸರು, ಪರವಾನಗಿ ಸಂಖ್ಯೆ ಇಲ್ಲದ ಪುಡಿ, ಗುಳಿಗೆಗಳನ್ನು ಜಾತ್ರೆಯಲ್ಲಿ ಕೊಂಡು ತಂದು ನಮಗೆ ತೋರಿಸುವವರು ಇಂದಿಗೂ ಇದ್ದಾರೆ. ಅವನ್ನು ಸೇವಿಸಬೇಡಿರೆಂದೇ ಹೇಳುತ್ತೇವೆ.

ಸದ್ಭಕ್ತರು ವರದಿ ಪಡೆದಾಗ ಮೊದಲು ಆ ಎರಡು ಸಮಯಗಳನ್ನು ನೋಡಬೇಕು. ವ್ಯಾಪ್ತಿಗೆ ಸೇರದ ಪರೀಕ್ಷೆಯ ಮುಂದೆ ಸಾಮಾನ್ಯವಾಗಿ ನಕ್ಷತ್ರದ ಗುರುತಿರುತ್ತದೆ. ಮುದ್ರೆಯ ಕೆಳಗೆ ಎಂ.ಸಿ. ಎಂದು ಆರಂಭವಾಗುವ ಸಂಖ್ಯೆಯಿದ್ದರೆ ಅದು ವೈದ್ಯಕೀಯ ಪ್ರಯೋಗಾಲಯದ್ದು. ಮನೆಯ ಮಕ್ಕಳು ಮೊಬೈಲಿನಲ್ಲಿ ಮಂಡಳಿಯ ಜಾಲತಾಣ ತೆರೆದು ಅವಧಿ, ವ್ಯಾಪ್ತಿಗಳನ್ನು ನೋಡಿ ಹೇಳಬಲ್ಲರು. ವರದಿಗೂ ದೇಹಸ್ಥಿತಿಗೂ ತಾಳೆಯಾಗದಿದ್ದರೆ ವೈದ್ಯರನ್ನು ಆ ದಿನವೇ ಕಂಡು ಮರುಪರೀಕ್ಷೆ ಕೇಳಬೇಕು. ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು.

ಆ ಹಿರಿಯರ ರಕ್ತದೊತ್ತಡ ಈಗ ಹತೋಟಿಯಲ್ಲಿದೆ. ಬೊಂಡ ಕುಡಿಯಬಹುದೆಂದು ನಾವು ಎಷ್ಟು ಸಲ ಹೇಳಿದರೂ, ಮಗನ ಮುಖ ನೋಡಿಯೇ ಕುಡಿಯುತ್ತಾರಂತೆ.