ಒಂದೇ ಹನಿ, ಮೂರು ಲೆಕ್ಕ

"ಈ ಮಿಷನ್ನು ಸುಳ್ಳು ಹೇಳ್ತಾ ಇದೆ ಕಣೋ" ಎಂದು ಅಮ್ಮ ತೀರ್ಥಹಳ್ಳಿಯಿಂದ ಫೋನ್ ಮಾಡಿದರು. ತಿಂಡಿ ತಿಂದು ಒಂದೂವರೆ ಗಂಟೆಯಾದ ಮೇಲೆ ಬೆರಳು ಚುಚ್ಚಿ ನೋಡಿದರೆ ಮನೆಯ ಮೀಟರಿನಲ್ಲಿ ಸಕ್ಕರೆ 168. ಪಕ್ಕದ ಮನೆಯವರ ಮೀಟರ್ ತರಿಸಿ ಅದೇ ಬೆರಳಿನ ಅದೇ ಹನಿ ಹಾಕಿದರೆ 151. ಹತ್ತೇ ನಿಮಿಷದಲ್ಲಿ ಲ್ಯಾಬಿನ ಕಲೆಕ್ಷನ್ ಸೆಂಟರಿಗೆ ಹೋಗಿ ತೋಳಿನಿಂದ ರಕ್ತ ಕೊಟ್ಟು ಬಂದರು. ಸಂಜೆ ಬಂದ ರಿಪೋರ್ಟಿನಲ್ಲಿ 139. ಮೂರರಲ್ಲಿ ಎರಡಾದರೂ ತಪ್ಪಿರಲೇಬೇಕು, ಲ್ಯಾಬಿನದೇ ಸರಿ ಇರಬೇಕು ಎಂಬುದು ಅಮ್ಮನ ತೀರ್ಮಾನ. ನನಗೂ ಮೊದಲು ಹಾಗೇ ಅನಿಸಿತು. ಕೂತು ಓದಿ ನೋಡಿದಾಗ ಕಥೆ ಬೇರೆಯೇ ಇತ್ತು.

ಮೀಟರ್ ಎಂಬ ಆ ಪುಟ್ಟ ಪೆಟ್ಟಿಗೆ ಸಕ್ಕರೆಯನ್ನು ಅಳೆಯುವುದೇ ಇಲ್ಲ. ಅಳೆಯುವುದು ವಿದ್ಯುತ್ತನ್ನು. ಸಕ್ಕರೆಯನ್ನು ಗುರುತಿಸುವ ಕೆಲಸವೆಲ್ಲ ನಾವು ಹನಿ ಹಾಕುವ ಸ್ಟ್ರಿಪ್ಪಿನದು. ಅದರ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಒಂದು ಕಿಣ್ವವನ್ನು ಬಳಿದಿರುತ್ತಾರೆ. ಹಲವು ಸ್ಟ್ರಿಪ್‌ಗಳಲ್ಲಿ ಅದು ಗ್ಲೂಕೋಸ್ ಆಕ್ಸಿಡೇಸ್, ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿನಿಂದ ತೆಗೆದದ್ದು. ರಕ್ತದ ಗ್ಲೂಕೋಸಿಗೆ ಕಿಣ್ವ ತಗುಲಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಅವನ್ನು ಇನ್ನೊಂದು ರಾಸಾಯನಿಕ ಹೊತ್ತು ಲೋಹದ ಪಟ್ಟಿಗೆ ಮುಟ್ಟಿಸುತ್ತದೆ. ಸಕ್ಕರೆ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಮೀಟರ್ ಆ ವಿದ್ಯುತ್ತನ್ನು ಅಂಕಿಗೆ ತಿರುಗಿಸಿ ತೋರಿಸುತ್ತದೆ, ಅಷ್ಟೆ. ಇಷ್ಟೆಲ್ಲ ನಡೆಯುವುದು ಒಂದು ಮೈಕ್ರೋಲೀಟರಿಗೂ ಕಡಿಮೆ ರಕ್ತದಲ್ಲಿ, ಐದಾರು ಸೆಕೆಂಡುಗಳಲ್ಲಿ. 1970ರ ಸುಮಾರಿಗೆ ಅಮೆರಿಕದಲ್ಲಿ ಬಂದ ಮೊದಲ ಮೀಟರ್ ಒಂದು ಕಿಲೋಗೂ ಹೆಚ್ಚು ತೂಗುತ್ತಿತ್ತು, ಸ್ಟ್ರಿಪ್ಪಿನ ಬಣ್ಣ ನೋಡಿ ಲೆಕ್ಕ ಹೇಳುತ್ತಿತ್ತು. ವಿದ್ಯುತ್ತಿನ ದಾರಿ ಹಿಡಿದ ಮೊದಲ ಮೀಟರ್ ಪೆನ್ನಿನ ಆಕಾರದಲ್ಲಿ ಮಾರುಕಟ್ಟೆಗೆ ಬಂದದ್ದು 1987ರಲ್ಲಿ.

ಹೀಗಾಗಿ "ಯಾವ ಮೀಟರ್ ಒಳ್ಳೆಯದು?" ಎಂದು ಯಾರಾದರೂ ಕೇಳಿದರೆ ಅದರ ಸ್ಟ್ರಿಪ್ ಎಂಥದ್ದು ಎಂಬುದನ್ನೇ ಮೊದಲು ನೋಡಬೇಕು. ಸ್ಟ್ರಿಪ್ ಡಬ್ಬಿಯ ಮುಚ್ಚಳದೊಳಗೆ ತೇವ ಹೀರುವ ಪುಡಿಯನ್ನು ತುಂಬಿರುವುದು ಸುಮ್ಮನೆ ಅಲ್ಲ. ತೇವ, ಬಿಸಿ ಎರಡೂ ಆ ಕಿಣ್ವಕ್ಕೆ ಆಗಿಬರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ, ಉಡುಪಿ-ಮಂಗಳೂರಿನ ಬೆವರು ಹರಿಯುವ ಏಪ್ರಿಲ್ಲಿನಲ್ಲಿ ಸ್ಟ್ರಿಪ್ ತೆಗೆದು ಡಬ್ಬಿ ಬಾಯಿ ತೆರೆದಿಟ್ಟರೆ ಉಳಿದ ಸ್ಟ್ರಿಪ್‌ಗಳು ಕೆಡಲು ದಾರಿ ಮಾಡಿಕೊಟ್ಟಂತೆ. ಹಾಗೆಂದು ಫ್ರಿಜ್ಜಿನಲ್ಲಿಡುವುದೂ ತಪ್ಪು, ಹೊರತೆಗೆದಾಗ ಒಳಗೆ ಹನಿಗಟ್ಟುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಮನೆಯ ಮೀಟರಿಗೆ ಜಗತ್ತು ಒಪ್ಪಿಕೊಂಡ ಒಂದು ಅಳತೆಗೋಲಿದೆ, ಐಎಸ್‌ಒ 15197. ಅದರ 2013ರ ಆವೃತ್ತಿಯ ಪ್ರಕಾರ ನಿಜವಾದ ಪ್ರಮಾಣ 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಟರ್ 15% ಆಚೀಚೆ ತೋರಿಸಬಹುದು. 100ಕ್ಕಿಂತ ಕಡಿಮೆಯಿದ್ದರೆ 15 ಅಂಕಿ ಆಚೀಚೆ. ನೂರು ಸಲ ಅಳೆದರೆ 95 ಸಲವಾದರೂ ಈ ಗಡಿಯೊಳಗೆ ಇರಬೇಕು. ಅಂದರೆ ಉಳಿದ ಐದು ಸಲ ಇನ್ನೂ ದೂರ ಹೋದರೂ ಮೀಟರ್ ಪಾಸು. ಅಮ್ಮನ ರಕ್ತದಲ್ಲಿ ಆ ಹೊತ್ತು ನಿಜವಾಗಿ 158 ಇತ್ತು ಎಂದಿಟ್ಟುಕೊಳ್ಳಿ. ಆಗ 135ರಿಂದ 181ರವರೆಗೆ ಏನು ತೋರಿಸಿದರೂ ಮೀಟರ್ ನಿಯಮ ಮೀರಿದಂತಲ್ಲ. 168 ತೋರಿಸಿದ್ದೂ ಸರಿ, 151 ತೋರಿಸಿದ್ದೂ ಸರಿ! ಮೀಟರಿನ ಪರದೆ ಒಂದೇ ಅಂಕಿಯನ್ನು ಎದ್ದು ಕಾಣುವಂತೆ ಬರೆಯುತ್ತದೆ, ಅದರ ಎರಡೂ ಬದಿಯ ಹರವನ್ನು ಬರೆಯುವುದಿಲ್ಲ. ನಮ್ಮ ಗೊಂದಲದ ಅರ್ಧ ಇಲ್ಲೇ ಹುಟ್ಟುತ್ತದೆ.

ಹಾಗಾದರೆ ಎಲ್ಲ ಮೀಟರ್‌ಗಳೂ ಒಂದೇ ಎಂದೇ? ಖಂಡಿತ ಅಲ್ಲ. ಅಮೆರಿಕದ ಡಯಾಬಿಟಿಸ್ ಟೆಕ್ನಾಲಜಿ ಸೊಸೈಟಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತಿದ್ದ 18 ಮೀಟರ್‌ಗಳನ್ನು ಸಾವಿರಕ್ಕೂ ಹೆಚ್ಚು ಜನರ ರಕ್ತದಲ್ಲಿ, ಮೂರು ಬೇರೆ ಬೇರೆ ಅಧ್ಯಯನಗಳಲ್ಲಿ, ಲ್ಯಾಬಿನ ಅಳತೆಯ ಜೊತೆ ಹೋಲಿಸಿತು. ಯಾವ ಕಂಪನಿಯ ಮೀಟರ್ ಎಂಬುದು ಅಳೆಯುವವರಿಗೆ ಗೊತ್ತಾಗದಂತೆ ನೋಡಿಕೊಂಡಿತ್ತು. 2018ರಲ್ಲಿ ಫಲಿತಾಂಶ ಪ್ರಕಟವಾದಾಗ ಮೂರೂ ಅಧ್ಯಯನಗಳಲ್ಲಿ ಪಾಸಾಗಿದ್ದು ಆರು ಮಾತ್ರ. ಕಾಂಟೂರ್ ನೆಕ್ಸ್ಟ್ 100%, ಅಕ್ಯು-ಚೆಕ್ ಅವೀವಾ ಪ್ಲಸ್ 98% ಸಲ ಗಡಿಯೊಳಗಿದ್ದವು. ವಾಲ್‌ಮಾರ್ಟ್ ಅಂಗಡಿಯ ಸ್ವಂತ ಬ್ರ್ಯಾಂಡಿನ ಒಂದು ಮೀಟರ್ 97% ಪಡೆದು ದೊಡ್ಡ ಹೆಸರುಗಳನ್ನು ಹಿಂದೆ ಹಾಕಿತು. ಪಟ್ಟಿಯ ಕೊನೆಯಲ್ಲಿದ್ದ ಮೀಟರ್ ಗಡಿಯೊಳಗಿದ್ದದ್ದು 71% ಸಲ. ಫೇಲಾದ ಹನ್ನೆರಡಕ್ಕೂ ಸರ್ಕಾರದ ಅನುಮತಿ ಇತ್ತು ಎಂಬುದೇ ನನ್ನನ್ನು ಕಾಡುವ ಸಂಗತಿ. ಮಾರಾಟಕ್ಕೆ ಮುಂಚೆ ಕಂಪನಿ ತಾನೇ ತೋರಿಸಿದ ಲೆಕ್ಕ ಒಂದು, ಅಂಗಡಿಯಿಂದ ಕೊಂಡ ಡಬ್ಬಿ ಹೇಳಿದ ಲೆಕ್ಕ ಇನ್ನೊಂದು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಮೀರಿರುವ ದೇಶ ನಮ್ಮದು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಪ್ರತಿಯೊಂದು ಮೀಟರನ್ನೂ ಹೀಗೆ ಅಂಗಡಿಯಿಂದಲೇ ಕೊಂಡು ಪರೀಕ್ಷಿಸಬೇಕು, ಹೆಸರಿನ ಸಮೇತ ಫಲಿತಾಂಶ ಪ್ರಕಟಿಸಬೇಕು. ಕಷ್ಟಪಟ್ಟು ದುಡಿದ ದುಡ್ಡಿನಲ್ಲಿ ತಿಂಗಳು ತಿಂಗಳು ಸ್ಟ್ರಿಪ್ ಕೊಳ್ಳುವವರಿಗೆ ಇಷ್ಟಾದರೂ ತಿಳಿಯಬೇಡವೇ?

ಅಮ್ಮನ 139ರ ವಿಷಯ ಉಳಿಯಿತು. ಲ್ಯಾಬಿನ ಯಂತ್ರ ಮನೆಯ ಮೀಟರಿಗಿಂತ ಎಷ್ಟೋ ಪಾಲು ನಿಖರ, ಅದರಲ್ಲಿ ಅನುಮಾನವಿಲ್ಲ. ಆದರೆ ಯಂತ್ರ ಅಳೆಯುವುದು ತನ್ನ ಮುಂದೆ ಬಂದ ಟ್ಯೂಬನ್ನು. ಟ್ಯೂಬಿಗೆ ಬಂದ ಮೇಲೂ ರಕ್ತದ ಕಣಗಳಿಗೆ ಜೀವ ಇರುತ್ತದೆ, ಅವು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಗಂಟೆಗೆ 5ರಿಂದ 7% ಇಳಿಯುತ್ತದೆ. ಇದನ್ನು ತಡೆಯಲೆಂದೇ ಬೂದು ಮುಚ್ಚಳದ ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್ ಹಾಕಿರುತ್ತಾರೆ, ಆದರೆ ಅದರ ಕೆಲಸ ನಿಧಾನ. ಮೊದಲ ಒಂದೆರಡು ಗಂಟೆ ಕಣಗಳು ತಿನ್ನುವುದನ್ನು ಅದು ಪೂರ್ತಿ ನಿಲ್ಲಿಸುವುದಿಲ್ಲ. ಅಮ್ಮನ ಟ್ಯೂಬು ಮಧ್ಯಾಹ್ನದ ಗಾಡಿಗೆ ಕಾದು ಶಿವಮೊಗ್ಗಕ್ಕೆ ಹೋಗಿ ಯಂತ್ರ ಕಂಡಿತ್ತು.

ಇನ್ನೊಂದು ಕಾರಣವೂ ಸೇರಿತ್ತು. ಬೆರಳ ತುದಿಯ ರಕ್ತ ಬೇರೆ, ತೋಳಿನ ಅಭಿಧಮನಿಯ ರಕ್ತ ಬೇರೆ. ಬೆರಳಿಗೆ ಬರುವುದು ಸಕ್ಕರೆಯನ್ನು ಹೊತ್ತು ತರುತ್ತಿರುವ ರಕ್ತ. ತೋಳಿನ ಅಭಿಧಮನಿಯದು ಮಾಂಸಖಂಡಗಳಿಗೆ ಅವುಗಳ ಪಾಲು ಕೊಟ್ಟು ಮರಳುತ್ತಿರುವ ರಕ್ತ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ತಿಂದ ಮೇಲೆ ಬೆರಳಿನ ಲೆಕ್ಕ ಮೇಲೇರುತ್ತದೆ, ಕೆಲವೊಮ್ಮೆ 20%ಗೂ ಮೀರಿ. ಆದ್ದರಿಂದ ಮೀಟರನ್ನು ಲ್ಯಾಬಿನ ಜೊತೆ ಹೋಲಿಸಬೇಕೆಂದಿದ್ದರೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಅಲ್ಲೇ ರಕ್ತ ತೆಗೆಯುವ ಹೊತ್ತಿಗೇ ಬೆರಳೂ ಚುಚ್ಚಿಕೊಳ್ಳಿ. ಯಂತ್ರ ಅಲ್ಲೇ ಇರುವ ಲ್ಯಾಬಾದರೆ ಒಳ್ಳೆಯದು. ಒಂದೇ ಸಲ ನೋಡಿ ತೀರ್ಮಾನಿಸಬೇಡಿ.

ತಪ್ಪು ಮಾಡುವುದರಲ್ಲಿ ಬೆರಳಿನ ಪಾತ್ರ ಎಲ್ಲರೂ ಅಂದುಕೊಂಡದ್ದಕ್ಕಿಂತ ದೊಡ್ಡದು. ಜಪಾನಿನ ಸಂಶೋಧಕರು 2011ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಸಕ್ಕರೆ ಕಾಯಿಲೆ ಇಲ್ಲದವರಿಗೆ ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣಿನ ಸಿಪ್ಪೆ ಸುಲಿಯಲು ಹೇಳಿ ಕೈ ತೊಳೆಯದೆ ಬೆರಳು ಚುಚ್ಚಿದಾಗ ಮೀಟರ್ ಬೆಚ್ಚಿಬೀಳುವಷ್ಟು ಹೆಚ್ಚು ತೋರಿಸಿತು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದರೂ ಅಷ್ಟೇ, ಐದು ಸಲ ಒರೆಸಿದರೂ ಸರಿಹೋಗಲಿಲ್ಲ. ನಲ್ಲಿ ನೀರಿನಲ್ಲಿ ತೊಳೆದಾಗ ಮಾತ್ರ ಸರಿಯಾಯಿತು. ಮಾವು ಹೆಚ್ಚಿದ ಕೈ, ಹಲಸಿನ ತೊಳೆ ಬಿಡಿಸಿದ ಕೈ, ಬೆಲ್ಲ ಕುಟ್ಟಿದ ಕೈ ಬೇರೆಯಾದೀತೇ? ತೊಳೆದ ಮೇಲೆ ಚೆನ್ನಾಗಿ ಒಣಗಿಸಬೇಕು, ಒದ್ದೆ ಬೆರಳಿನಲ್ಲಿ ಹನಿ ತೆಳುವಾಗಿ ಲೆಕ್ಕ ಇಳಿಯುತ್ತದೆ. ರಕ್ತ ಬರಲಿಲ್ಲವೆಂದು ಬೆರಳನ್ನು ಜೋರಾಗಿ ಹಿಂಡುವುದೂ ಬೇಡ.

ರಕ್ತಹೀನತೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ, ಯಾಕೆಂದರೆ ಇದು ನಮ್ಮ ಹೆಂಗಸರ ವಿಷಯ. ಕೆಂಪು ಕಣಗಳು ಕಡಿಮೆಯಿರುವ ರಕ್ತ ಸ್ಟ್ರಿಪ್ಪಿನಲ್ಲಿ ಸಲೀಸಾಗಿ ಹರಿದು ಇರುವುದಕ್ಕಿಂತ ಹೆಚ್ಚು ಸಕ್ಕರೆ ತೋರಿಸುತ್ತದೆ. ಕಣಗಳು ಹೆಚ್ಚಿದ್ದರೆ ಕಡಿಮೆ ತೋರಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹೊಸ ಮೀಟರ್‌ಗಳಲ್ಲಿ ಹಲವು ಇದನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ, ಹಳೆಯವು ಸರಿದೂಗಿಸುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಗರ್ಭಿಣಿಯ ಕೈಯಲ್ಲಿ ಎಂಥ ಮೀಟರ್ ಇದೆ ಎಂಬುದು ಆಗ ಸಣ್ಣ ಪ್ರಶ್ನೆಯಲ್ಲ.

ಸುಳ್ಳೇ ಹೆಚ್ಚು ತೋರಿಸುವುದು ಎಷ್ಟು ಅಪಾಯ ಎಂಬುದಕ್ಕೆ ಒಂದು ದುಃಖದ ಉದಾಹರಣೆ ಇದೆ. ಜಿಡಿಎಚ್-ಪಿಕ್ಯೂಕ್ಯೂ ಎಂಬ ಕಿಣ್ವದ ಸ್ಟ್ರಿಪ್‌ಗಳಿಗೆ ಗ್ಲೂಕೋಸಿಗೂ ಮಾಲ್ಟೋಸ್ ಎಂಬ ಇನ್ನೊಂದು ಸಕ್ಕರೆಗೂ ಭೇದ ತಿಳಿಯುತ್ತಿರಲಿಲ್ಲ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವ ಕೆಲವರಿಗೆ ಕೊಡುವ ಐಕೋಡೆಕ್ಸ್ಟ್ರಿನ್ ದ್ರವ ದೇಹದಲ್ಲಿ ಮಾಲ್ಟೋಸ್ ಆಗುತ್ತದೆ. ಮೀಟರ್ ಅದನ್ನೂ ಗ್ಲೂಕೋಸೆಂದೇ ಎಣಿಸಿತು, ಅದನ್ನು ನಂಬಿ ಇನ್ಸುಲಿನ್ ಕೊಟ್ಟರು. 1997ರಿಂದ 2009ರವರೆಗೆ ಹೀಗೆ 13 ಸಾವುಗಳ ವರದಿ ಬಂದಿತ್ತೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಅದೇ ಸಂಸ್ಥೆ 2024ರ ಫೆಬ್ರವರಿಯಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟಿದೆ: ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆಂದು ಹೇಳುವ ಕೈಗಡಿಯಾರ, ಉಂಗುರಗಳನ್ನು ನಂಬಬೇಡಿ.

ಹೆಚ್ಚಿನ ಅಂಕಿಗಳಲ್ಲಿ ಸ್ವಲ್ಪ ಆಚೀಚೆಯಾದರೆ ತಡೆದುಕೊಳ್ಳಬಹುದು. 240 ಇದ್ದದ್ದು 260 ಎಂದು ಬಂದರೆ ಮಾಡಬೇಕಾದ್ದು ಬಹುತೇಕ ಅದೇ. ಕೆಳಗಿನ ಅಂಕಿಗಳಲ್ಲಿ ಹಾಗಲ್ಲ. ನಿಜ 70 ಇದ್ದಾಗ ನಿಯಮ ಪಾಲಿಸುವ ಮೀಟರ್ 55ರಿಂದ 85ರವರೆಗೆ ಏನು ಬೇಕಾದರೂ ತೋರಿಸಬಹುದು. ಅಮ್ಮನಿಗೆ ಫೋನಿನಲ್ಲಿ ಇದನ್ನೇ ಎರಡು ಮೂರು ಸಲ ಹೇಳಿದೆ. ರಾತ್ರಿ ಮೈ ಬೆವರಿ, ಕೈ ನಡುಗಿ, ಎದೆ ಡವಡವ ಅಂದರೆ ಸಕ್ಕರೆ ಇಳಿದಿರಬಹುದು, ಮೀಟರ್ 80 ತೋರಿಸಿದರೂ ಕಾಯಬೇಡ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು. ನೋಡುವ ಮೊದಲು ಕೈ ತೊಳೆದುಕೋ, ಬೆರಳಿಗೆ ಸಕ್ಕರೆ ಮೆತ್ತಿರುತ್ತದೆ.