ಸಂಚಾರದ ಗಾಡಿಮನೆಗಳ ನೀರುಕೊಳವೆಗೆ ತಕ್ಕ ಇಕ್ಕುಳ

ಅಮೆರಿಕಾ ದೇಶದಲ್ಲಿ ಅಡಿಗೆಮನೆ, ಸ್ನಾನದ ಮನೆಗಳ ಸಹಿತ ಊರೂರು ಸಂಚರಿಸುವ ಮೋಟಾರು ಗಾಡಿಗಳುಂಟು. ಇವುಗಳ ನೀರುಕೊಳವೆಯು ಸಾಮಾನ್ಯವಾಗಿ ಅರ್ಧ ಅಂಗುಲದ ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನದು. ದಾರಿಯ ಕುಲುಕಾಟದಿಂದಲೂ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದರಿಂದಲೂ ಅದರ ಸಂದುಗಳು ಕೆಡುವುವು. ಸೋರಿಕೆಯು ಕಣ್ಣಿಗೆ ಬೀಳುವಷ್ಟರಲ್ಲಿ ಹಲಗೆಯ ನೆಲವೇ ಕೊಳೆತಿರುವುದುಂಟು.

ಸಂದು ಬಿಗಿಯುವ ಇಕ್ಕುಳಗಳು ಎರಡು ತೆರ. ತಾಮ್ರದ ಬಳೆಯನ್ನು ಸುತ್ತಲೂ ಅದುಮುವುದಕ್ಕೆ ಹಿಡಿಗಳು ಉದ್ದ. ಕೊಳವೆಯ ಅಳತೆ ಬದಲಾದರೆ ದವಡೆಯೂ ಬದಲಾಗಬೇಕು. ಗಾಡಿಯೊಳಗಿನ ಇರುಕಿನಲ್ಲಿ ಆ ಹಿಡಿಗಳನ್ನು ಅಗಲಿಸಲು ಎಡೆಯೆಲ್ಲಿ? ತುಕ್ಕು ಹಿಡಿಯದ ಉಕ್ಕಿನ ಪಟ್ಟಿಯ ಕಿವಿಯನ್ನು ಮಾತ್ರ ಹಿಸುಕುವ ಇಕ್ಕುಳವೇ ಅಲ್ಲಿಗೆ ಮೇಲು; ಅದೊಂದೇ ಹಲವು ಅಳತೆಗಳಿಗೆ ಸಾಕು. ಬಳೆಯಾಗಲಿ ಪಟ್ಟಿಯಾಗಲಿ ಕೊಳವೆಯ ತುದಿಯಿಂದ 1/8ರಿಂದ 1/4 ಅಂಗುಲ ಒಳಗಿರತಕ್ಕದ್ದು. ತಾಮ್ರದ ಬಳೆಯನ್ನು ಅಳತೆಪಟ್ಟಿಯಿಂದ ಪರೀಕ್ಷಿಸದೆ ನೀರು ಬಿಡಕೂಡದು.

1995ಕ್ಕೆ ಹಿಂದಿನ ಗಾಡಿಗಳಲ್ಲಿ ಬೂದುಬಣ್ಣದ ಪಾಲಿಬ್ಯುಟಿಲೀನ್ ಕೊಳವೆಯಿರುವ ಸಂಭವವುಂಟು. ಅದಕ್ಕೆ ಬೇರೆಯೇ ಜೋಡಣೆ ಬೇಕಾದುದರಿಂದ, ಇಕ್ಕುಳ ಕೊಳ್ಳುವ ಮೊದಲು ಕೊಳವೆಯ ಮೇಲಿನ ಅಚ್ಚನ್ನು ಓದಿಕೊಳ್ಳತಕ್ಕದ್ದು.